ಬಿಸಿಲನ್ನ ಗಾಜಿನ ಹೊರಗೇ ತಡೆಯಿರಿ

ಹೈದರಾಬಾದಿನ ಬಾಡಿಗೆ ಫ್ಲಾಟಲ್ಲಿ ಕಿಟಕಿ ಕಿತ್ತು ಡಬಲ್ ಗ್ಲಾಸ್ ಹಾಕಿಸಿ ಅಂದ್ರೆ ಓನರ್ ಒಪ್ಪಲ್ಲ. ಇರೋ ಕಿಟಕಿಯನ್ನೇ ಸುಧಾರಿಸಬೇಕು.

ಸಣ್ಣ ಲೆಕ್ಕ ನೋಡಿ. ಪಶ್ಚಿಮದ ಕಿಟಕಿ 2 ಚದರ ಮೀಟರ್. ಬೇಸಿಗೆಯ ಸಂಜೆ 4ಕ್ಕೆ ಅದರ ಮೇಲೆ ಚದರ ಮೀಟರಿಗೆ 500 ವ್ಯಾಟ್ ಬಿಸಿಲು ಬಿತ್ತು ಅಂತಿಟ್ಕೊಳ್ಳಿ. ಸಾದಾ ಗಾಜು ಅದರಲ್ಲಿ ಸುಮಾರು ಶೇ. 80ರಷ್ಟನ್ನು ಒಳಗೆ ಬಿಡುತ್ತೆ. ಅಂದ್ರೆ 800 ವ್ಯಾಟ್! 1 ಟನ್ ಎಸಿ ಹೊರಹಾಕೋ ಶಾಖ ಸುಮಾರು 3500 ವ್ಯಾಟ್. ಅದರ ಹತ್ತಿರತ್ತಿರ ಕಾಲುಭಾಗ ಈ ಒಂದು ಕಿಟಕಿಗೇ ಹೋಯ್ತು.

ಪರದೆ ಇದೆಯಲ್ಲ ಅಂತೀರಾ? ಬಿಸಿಲು ಅಷ್ಟರಲ್ಲಿ ಗಾಜು ದಾಟಿ ಬಂದಿರುತ್ತೆ. ಪರದೆ ಕಾದು, ಆ ಶಾಖದ ಹೆಚ್ಚಿನ ಪಾಲು ರೂಮಲ್ಲೇ ಉಳಿಯುತ್ತೆ. ಅದಕ್ಕೇ ಗಾಜಿನ ಹೊರಗೆ, ಗ್ರಿಲ್ಲಿಗೆ ಬಿದಿರಿನ ತಟ್ಟಿ ಇಲ್ಲವೇ ಶೇಡ್ ನೆಟ್ ಕಟ್ಟಿ. ಸೊಸೈಟಿಯವರನ್ನ ಒಂದು ಮಾತು ಕೇಳಿ. ಮನೆ ಬದಲಾಯಿಸುವಾಗ ಬಿಚ್ಕೊಂಡು ಹೋಗಬಹುದು. ಸ್ಲೈಡಿಂಗ್ ಕಿಟಕಿ ಅಂಚಿನ ಬ್ರಶ್ ಪಟ್ಟಿ ಸವೆದಿದ್ರೆ ಹೊಸದು ಹಾಕಿಸಿ, ಎಸಿ ತಂಪು ಸೋರೋದು ಅಲ್ಲೇ.

ಇದು ಬರೀ ಬಿಲ್ಲಿನ ಮಾತಲ್ಲ. ಮಧ್ಯಾಹ್ನ ನಾವು ಆಫೀಸಿನ ಎಸಿಯಲ್ಲಿರ್ತೀವಿ. ಆ ರೂಮಲ್ಲಿ, ಮಕ್ಕಳ ದುಡ್ಡು ಉಳೀಲಿ ಅಂತ ಎಸಿ ಹಾಕದೆ ಕೂತಿರೋದು ಊರಿಂದ ಬಂದ ಅಪ್ಪ, ಅಮ್ಮ.

ಈ ಶನಿವಾರ ಪಶ್ಚಿಮದ ಒಂದು ಕಿಟಕಿಯಿಂದ ಶುರು ಮಾಡಿ.