ಮುಚ್ಚಿದ ಕೋಣೆಯಲ್ಲಿ ಬೀಜದ ಮಾತುಕತೆ



ಪೆಸಿಫಿಕ್ ಸಾಗರದ ಎರಡೂ ದಡಗಳ 12 ರಾಷ್ಟ್ರಗಳು ವರ್ಷಗಟ್ಟಲೆ ಗುಟ್ಟಾಗಿ ಸಂಧಾನ ನಡೆಸಿ ಟಿಪಿಪಿ ಎಂಬ ವ್ಯಾಪಾರ ಒಪ್ಪಂದವನ್ನು ರೂಪಿಸಿದವು. ಅದರ ಪೂರ್ಣಪಾಠ ಅಧಿಕೃತವಾಗಿ ಹೊರಬಂದದ್ದು ಸಂಧಾನ ಮುಗಿದ ಮೇಲೆ, 2015ರ ನವೆಂಬರಿನಲ್ಲಿ. ಅದರಲ್ಲೊಂದು ಷರತ್ತು: ಸದಸ್ಯ ರಾಷ್ಟ್ರಗಳು ಯುಪೋವ್ ಎಂಬ ತಳಿಹಕ್ಕಿನ ಒಡಂಬಡಿಕೆಯ 1991ರ ರೂಪವನ್ನು ಒಪ್ಪಬೇಕು. ಆ ರೂಪದಲ್ಲಿ, ಸಂರಕ್ಷಿತ ತಳಿಯ ಬೀಜವನ್ನು ರೈತನು ತನ್ನ ಹೊಲಕ್ಕೆ ಉಳಿಸಿಕೊಳ್ಳಲು ಸರ್ಕಾರ ಅವಕಾಶ ಕೊಡಬಹುದು, ಕೊಡದಿರಲೂಬಹುದು; ನೆರೆಯವರಿಗೆ ಕೊಡಲು ತಳಿಯ ಒಡೆಯನ ಅನುಮತಿ ಬೇಕು.

2017ರಲ್ಲಿ ಅಮೆರಿಕ ಹೊರನಡೆಯಿತು. ಉಳಿದ 11 ರಾಷ್ಟ್ರಗಳು 2018ರಲ್ಲಿ ಸಹಿ ಹಾಕುವಾಗ ಔಷಧ ಪೇಟೆಂಟಿನ ಕೆಲವು ನಿಯಮಗಳನ್ನು ಅಮಾನತಿನಲ್ಲಿಟ್ಟವು. ಬೀಜದ ಷರತ್ತು ಹಾಗೆಯೇ ಉಳಿಯಿತು. ನ್ಯೂಜಿಲೆಂಡ್ ಮಾತ್ರ, ಮಾವೊರಿ ಜನರೊಡನೆ 1840ರಲ್ಲಿ ಆದ ವೈಟಾಂಗಿ ಒಪ್ಪಂದವನ್ನು ಮುಂದಿಟ್ಟು, ತನ್ನದೇ ಕಾನೂನು ರಚಿಸುವ ಆಯ್ಕೆಯನ್ನು ಪಡೆಯಿತು. 2022ರಲ್ಲಿ ಅದನ್ನು ಅಂಗೀಕರಿಸಿತು.

ಭಾರತ ಆ ಕೂಟದಲ್ಲಿಲ್ಲ. ಬೀಜವನ್ನು ಉಳಿಸುವ, ಹಂಚುವ, ಬ್ರಾಂಡ್ ಹಚ್ಚದೆ ಮಾರುವ ಹಕ್ಕನ್ನು ಇಲ್ಲಿನ 2001ರ ಕಾನೂನು ರೈತನಿಗೆ ಕೊಟ್ಟಿದೆ. ಬರಹದಲ್ಲಿರುವ ಹಕ್ಕನ್ನು ಸಂಧಾನದ ಮೇಜಿನಲ್ಲಿ ಕಾಯಬಹುದೆಂಬುದಕ್ಕೆ ನ್ಯೂಜಿಲೆಂಡ್ ಸಾಕ್ಷಿ. ಆದರೆ ಕರಡನ್ನೇ ನೋಡದವರು ಏನನ್ನು ಕಾಯಬಲ್ಲರು? ಸಹಿಗೆ ಮೊದಲು ಕರಡು ಸಂಸತ್ತಿನ ಮುಂದೆ, ರೈತರ ಮುಂದೆ ಬರಲಿ. ಕೇಳಬೇಕಾದ ಮೊದಲ ಬೇಡಿಕೆ ಅದು.