ಮಿರುಗದ ಮಳೆ ಬರುವ ವರೆಗೆ

(ಮೇ ತಿಂಗಳ ಎರಡನೆಯ ಭಾನುವಾರ ಸೋಲಾಪುರದಲ್ಲಿ ನಮ್ಮ ಶ್ರಮಿಕರ ಕೂಟ ಸೇರಿದಾಗ ಮಾಡಿದ ಭಾಷಣ)



ಈ ಸಾರಿ ಯಾವ ವಿಷಯ ತೆಗೆದುಕೊಳ್ಳಬೇಕೆಂದು ನಾವು ಕೂಟದ ಹಿರಿಯರು ಕುಳಿತು ಯೋಚಿಸುತ್ತಿದ್ದಾಗ ಒಬ್ಬರು, "ಈ ಧಗೆಯಲ್ಲಿ ಬೇರೆ ಯಾವ ಮಾತೂ ತಲೆಗೆ ಹತ್ತುವುದಿಲ್ಲ, ಬಿಸಿಲಿನ ಮೇಲೆಯೇ ಮಾತಾಡಿಬಿಡಿರಿ" ಎಂದರು. ಅವರು ಹೇಳಿದ್ದು ತಮಾಷೆಗೆ. ಆದರೆ ಹೋದ ವರ್ಷ ಇದೇ ತಿಂಗಳಲ್ಲಿ ನಮ್ಮ ನಡುವೆ ನಡೆದದ್ದನ್ನು ಬಲ್ಲವರು ಯಾರೂ ನಗಲಿಲ್ಲ. ಆ ಸಂಗತಿಗೆ ಆಮೇಲೆ ಬರುತ್ತೇವೆ.

ಅರಸುಗಳ ಎರಡನೆಯ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಶೂನೇಮಿನ ತಾಯಿಯ ಕಥೆ ಇದೆ. ಸಂಡೇಸ್ಕೂಲಿನಲ್ಲಿ ನಾವೆಲ್ಲ ಕೇಳಿದ್ದೇ. ಬಹಳ ವರ್ಷಗಳ ಮೇಲೆ ಹುಟ್ಟಿದ ಮಗ. ಸುಗ್ಗಿಯ ಕಾಲದಲ್ಲಿ ತಂದೆಯ ಹತ್ತಿರ, ಪೈರು ಕೊಯ್ಯುವವರ ಬಳಿಗೆ ಹೋಗುತ್ತಾನೆ. ಅಲ್ಲಿ ಒಮ್ಮೆಲೇ ತಲೆ, ತಲೆ ಎಂದು ಕೂಗುತ್ತಾನೆ. ತಂದೆ ಆಳಿಗೆ ಹೇಳಿ ಅವನನ್ನು ತಾಯಿಯ ಹತ್ತಿರ ಹೊರಿಸಿ ಕಳುಹಿಸುತ್ತಾನೆ. ಮಧ್ಯಾಹ್ನದ ವರೆಗೆ ತಾಯಿಯ ತೊಡೆಯ ಮೇಲೆ ಇದ್ದು ಮಗು ಸತ್ತುಹೋಗುತ್ತದೆ. ಎಲೀಷನು ಬಂದು ಅವನನ್ನು ಎಬ್ಬಿಸಿದ್ದನ್ನೇ ನಾವು ಎಂದೂ ಸಾರುತ್ತೇವೆ. ಅದು ಸರಿಯೇ. ಆದರೆ ಹೊಲದಲ್ಲಿ ಆ ಹುಡುಗನಿಗೆ ಆದದ್ದೇನು? ಸುಗ್ಗಿಯ ಹೊಲ, ಏರುವ ಹೊತ್ತು, ತಲೆಯ ನೋವು, ಮಧ್ಯಾಹ್ನಕ್ಕೆ ಸಾವು. ವಾಕ್ಯವನ್ನು ವಿವರಿಸುವ ಅನೇಕರು ಇದನ್ನು ಬಿಸಿಲಿನ ಹೊಡೆತವೆಂದೇ ಹೇಳುತ್ತಾರೆ. ನಮ್ಮಲ್ಲಿ ಸ್ಲ್ಯಾಬಿನ ಮೇಲೆ ಕೆಲಸ ಮಾಡಿದವರಿಗೆ ಈ ವಿವರಣೆ ಬೇಕಾಗಿಯೇ ಇಲ್ಲ. ತಂದೆ ಪ್ರೀತಿಯಿಲ್ಲದವನೇನಲ್ಲ. ಕೊಯ್ಲು ನಿಲ್ಲಿಸಲಿಲ್ಲ, ಅಷ್ಟೆ.

ಈಗ ನಮ್ಮ ಊರಿನ ಬಿಸಿಲಿಗೆ ಬರೋಣ. ಈ ವಾರದಲ್ಲೇ, ಅಂದರೆ ಮೇ 11ರ ಹಿಂದುಮುಂದು, ಸೋಲಾಪುರದಲ್ಲಿ ಸೂರ್ಯನು ಹನ್ನೆರಡೂವರೆಯ ಸುಮಾರಿಗೆ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಗಳಿಗೆಯಲ್ಲಿ ನೆರಳೇ ಇರುವುದಿಲ್ಲ. ಮಕ್ಕಳಿಗೆ ತೋರಿಸಿರಿ, ಸಂತೋಷಪಡುತ್ತಾರೆ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ವಾಡಿಕೆ; ಕೆಲವು ದಿನ 43, 44ರ ವರೆಗೂ ಹೋಗುತ್ತದೆ. ಆದರೆ ನೆತ್ತಿಯ ಸೂರ್ಯನ ಹೊತ್ತೇ ಅತಿ ಸೆಕೆಯ ಹೊತ್ತಲ್ಲ. ನೆಲ ಕಾದು, ನೆಲದಿಂದ ಗಾಳಿ ಕಾಯಬೇಕು. ಆದುದರಿಂದ ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ವರೆಗಿನ ಹೊತ್ತೇ ಕೆಟ್ಟದ್ದು. ಊಟ ಮಾಡಿ ಹನ್ನೆರಡರಿಂದ ಒಂದು ವಿಶ್ರಾಂತಿ, ಆಮೇಲೆ ಕೆಲಸ ಎಂಬ ನಮ್ಮ ಪದ್ಧತಿಯಲ್ಲಿ ಎಷ್ಟು ಅರ್ಥವಿದೆ ನೋಡಿರಿ: ಕಡಿಮೆ ಸೆಕೆಯಲ್ಲಿ ವಿಶ್ರಾಂತಿ, ಹೆಚ್ಚಿನ ಸೆಕೆಯಲ್ಲಿ ದುಡಿತ.

ಇನ್ನೊಂದು ಮಾತು. ರೇಡಿಯೋದಲ್ಲಿ, ಪತ್ರಿಕೆಯಲ್ಲಿ ಬರುವ ಅಂಕಿ ನೆರಳಿನ ಅಂಕಿ. ಹವಾಮಾನ ಇಲಾಖೆಯವರು ನೆಲದಿಂದ ಸುಮಾರು ಒಂದೂಕಾಲು ಮೀಟರ್ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಇಟ್ಟ ಉಷ್ಣಮಾಪಕವನ್ನು ನೋಡಿ ಹೇಳುತ್ತಾರೆ. ಡಾಂಬರು ಹಾಕುವ ರಸ್ತೆ, ಕಬ್ಬಿಣದ ಸಲಾಕೆ ಕಟ್ಟುವ ಸ್ಲ್ಯಾಬು, ಪತ್ರಾ ಹೊದಿಸಿದ ಶೆಡ್ಡು ಆ ಪೆಟ್ಟಿಗೆಯೊಳಗಿಲ್ಲ. ಬಯಲುಸೀಮೆಯಲ್ಲಿ 40 ಡಿಗ್ರಿಗೆ ಕಡಿಮೆಯಿಲ್ಲದೆ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಾದರೆ, ಅಥವಾ ಹೇಗಿದ್ದರೂ 45 ಮುಟ್ಟಿದರೆ, ಇಲಾಖೆಯವರು ಅದನ್ನು ಬಿಸಿಗಾಳಿ ಎಂದು ಕರೆಯುತ್ತಾರೆ. ಕಾಸರಗೋಡಿನಂಥ ಕರಾವಳಿಗೆ ಈ ಲೆಕ್ಕ 37ರಿಂದ, ನೀಲಗಿರಿಯಂಥ ಬೆಟ್ಟದ ಊರಿಗೆ 30ರಿಂದ ಶುರು. ಆದರೆ ವಾಡಿಕೆಯೇ 40 ಇರುವ ನಮ್ಮಲ್ಲಿ 43 ಆದರೂ ಆ ಹೆಸರು ಬೀಳದೆ ಹೋಗಬಹುದು. ಎಚ್ಚರಿಕೆ ಬರಲಿಲ್ಲ, ಆದುದರಿಂದ ಅಪಾಯವಿಲ್ಲ ಎಂದು ತಿಳಿಯಬೇಡಿರಿ.

ನಮ್ಮ ಹಿರಿಯರಲ್ಲಿ ಕೆಲವರು, "ನಾವೂ ಗಿರಣಿಯಲ್ಲಿ ಇದೇ ಬಿಸಿಲಿನಲ್ಲಿ ದುಡಿದವರೇ, ಆಗ ಯಾರೂ ಇಷ್ಟು ಮಾತಾಡುತ್ತಿರಲಿಲ್ಲ" ಎನ್ನುತ್ತಾರೆ. ಅವರಿಗೆ ಗೌರವಪೂರ್ವಕವಾಗಿಯೇ ಉತ್ತರ ಕೊಡಬೇಕು. 1877ರಲ್ಲಿ ಶುರುವಾದ ಹಳೆಯ ಗಿರಣಿಯೇ ಆಗಲಿ, ಅದರ ನಂತರ ಬಂದವುಗಳೇ ಆಗಲಿ, ದಪ್ಪ ಗೋಡೆಯ, ಎತ್ತರದ ಮಾಳಿಗೆಯ ಕಟ್ಟಡಗಳು. ಆ ದೊಡ್ಡ ಗಿರಣಿಗಳು ಮುಚ್ಚಿದ ಮೇಲೆ ಕೆಲಸ ಸಣ್ಣ ಸಣ್ಣ ಪಾವರ್‌ಲೂಮ್ ಶೆಡ್ಡುಗಳಿಗೆ ಬಂತು. ಚಾದರಕ್ಕೆ, ಟಾವೆಲ್ಲಿಗೆ ನಮ್ಮ ಊರು ಹೆಸರಾಗಿರುವುದು ಈ ಶೆಡ್ಡುಗಳಿಂದ. ತಲೆಯ ಮೇಲೆ ಪತ್ರಾ. ಕೈ ಚಾಚಿದರೆ ಮುಟ್ಟುವಷ್ಟು ತಗ್ಗು. ಹತ್ತಿಯ ನೂಲು ಒಣಗಿದರೆ ಹರಿಯುತ್ತದೆ. ಆದುದರಿಂದ ಕಿಟಕಿ ಮುಚ್ಚಿ, ನೆಲಕ್ಕೆ ನೀರು ಹೊಡೆದು ಶೆಡ್ಡಿನಲ್ಲಿ ತೇವ ಇಡುತ್ತಾರೆ. ನೂಲಿಗೆ ಅದು ಹಿತ. ಮನುಷ್ಯನಿಗೆ ಏನಾಗುತ್ತದೆ? ನಮ್ಮ ಮೈ ತಣ್ಣಗಾಗುವುದು ಬೆವರು ಸುರಿಯುವುದರಿಂದಲ್ಲ, ಬೆವರು ಆರುವುದರಿಂದ. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ಇಳಿದುಹೋಗುತ್ತದೆ. ಮೈಯ ನೀರೂ ಉಪ್ಪೂ ಹೋದವು, ತಂಪು ಮಾತ್ರ ಸಿಗಲಿಲ್ಲ. ಬೀಡಿ ಕಟ್ಟುವ ನಮ್ಮ ಅಕ್ಕತಂಗಿಯರ ಕಷ್ಟವೂ ಇಂಥದ್ದೇ. ಪಂಖಾ ಹಾಕಿದರೆ ತಂಬಾಕಿನ ಪುಡಿ ಹಾರುತ್ತದೆ, ನೆನೆಸಿದ ಎಲೆ ಒಣಗುತ್ತದೆ; ಆದುದರಿಂದ ಪಂಖಾ ಇದ್ದರೂ ಇಲ್ಲದ ಹಾಗೆ. ಮತ್ತು 40 ಡಿಗ್ರಿ ದಾಟಿದ ಮೇಲೆ ಬರೀ ಪಂಖಾದ ಗಾಳಿ ಮೈಯನ್ನು ತಣಿಸುವ ಬದಲು ಕಾಯಿಸುತ್ತದೆ. ಮೈಮೇಲೆ ಒದ್ದೆ ಬಟ್ಟೆ ಇದ್ದರೆ ಮಾತ್ರ ಅದರಿಂದ ಪ್ರಯೋಜನ.

ಈಗ ಹೋದ ವರ್ಷದ ಸಂಗತಿ. ನಮ್ಮ ಕೂಟದ ಒಬ್ಬ ಸಹೋದರ, ಗೌಂಡಿ ಕೆಲಸದವನು, ತಂಗಿಯ ಮದುವೆಗೆಂದು ಅಕ್ಕಲಕೋಟೆಯ ಕಡೆ ತನ್ನ ಹಳ್ಳಿಗೆ ಹೋಗಿ ಎರಡು ವಾರ ಇದ್ದು ಬಂದ. ಸಾಲವಾಗಿತ್ತು. ಬಂದ ಮರುದಿನವೇ ಸ್ಲ್ಯಾಬು ಹಾಕುವ ಕೆಲಸಕ್ಕೆ ನಿಂತ. ನಮ್ಮಲ್ಲಿ ನಾಲ್ಕೈದು ಜನ ಅಲ್ಲೇ ಇದ್ದೆವು. ಮೂರು ಗಂಟೆಯ ಹೊತ್ತಿಗೆ ಅವನು ಅರ್ಥವಿಲ್ಲದ ಮಾತಾಡತೊಡಗಿದ. ಕುಡಿದಿದ್ದಾನೆಯೇ ಎಂದು ನಮ್ಮಲ್ಲೇ ಒಬ್ಬರು ಕೇಳಿದರು. ಎಂದೂ ಕುಡಿಯದವನು. ಆಮೇಲೆ ಬಿದ್ದ. ನಾವು ಅವನನ್ನು ನೆರಳಿಗೆ ಎಳೆದು, ಅರೆಪ್ರಜ್ಞೆಯಲ್ಲಿದ್ದವನ ಬಾಯಿಗೆ ನೀರು ಹಾಕಲು ನೋಡಿದೆವು. ಅದು ಶ್ವಾಸಕ್ಕೆ ಹತ್ತಿ ಕೆಮ್ಮಿದ. ಸುತ್ತಲೂ ನಿಂತು ಪ್ರಾರ್ಥನೆ ಮಾಡಿದೆವು. ಒಬ್ಬರು ರಿಕ್ಷಾ ಹುಡುಕಲು ಹೋದರು. ಅಷ್ಟರಲ್ಲಿ ಎದುರುಮನೆಯ ಮುದುಕಿ, ಬೀಡಿ ಕಟ್ಟುವಾಕೆ, ನಮ್ಮ ಸಭೆಯವಳೂ ಅಲ್ಲ, ಮನೆಯಲ್ಲಿದ್ದ ಎರಡು ಕೊಡ ನೀರನ್ನೂ ತಂದು ಅವನ ತಲೆ, ಎದೆ, ಕಂಕುಳಿಗೆ ಸುರಿದು, ಮೊರದಿಂದ ಗಾಳಿ ಹಾಕುತ್ತಾ ನಮ್ಮನ್ನು ಬೈದಳು. ನಮ್ಮ ಓಣಿಗಳಲ್ಲಿ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ನಿಮಗೆ ಗೊತ್ತು. ಆ ಎರಡು ಕೊಡ ಅವಳ ಮನೆಯ ಕುಡಿಯುವ ನೀರು. ಆಸ್ಪತ್ರೆಯಲ್ಲಿ ಡಾಕ್ಟರರು, ಆ ನೀರು ಸುರಿದದ್ದರಿಂದ ಇವನು ಉಳಿದ ಎಂದರು. ಅವನು ಉಳಿದ, ದೇವರಿಗೆ ಸ್ತೋತ್ರ. ಆದರೆ ಇಂದಿಗೂ ಬಿಸಿಲಿನ ಕೆಲಸ ಅವನ ಕೈಯಲ್ಲಿ ಆಗುವುದಿಲ್ಲ.

ಪ್ರಾರ್ಥನೆ ಮಾಡಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಕೈಯಲ್ಲಿ ಕೊಡ ಹಿಡಿದೂ ಪ್ರಾರ್ಥಿಸಬಹುದಾಗಿತ್ತು. ಇದನ್ನು ನಾವು ಆ ಸಹೋದರನ ಮುಂದೆಯೂ ಆ ಅಜ್ಜಿಯ ಮುಂದೆಯೂ ಒಪ್ಪಿಕೊಂಡಿದ್ದೇವೆ.

ನಮಗೆ ಆಗ ಗೊತ್ತಿರದಿದ್ದದ್ದು ಇಷ್ಟು. ಎರಡು ವಾರ ನೆರಳಿನಲ್ಲಿದ್ದ ಮೈ ಬಿಸಿಲಿನ ರೂಢಿಯನ್ನು ಕಳೆದುಕೊಳ್ಳುತ್ತದೆ. ಅದು ಮತ್ತೆ ಬರಲು ಒಂದರಿಂದ ಎರಡು ವಾರ ಬೇಕು. ಬಿಸಿಲಿನಿಂದ ಸಾಯುವ ಕೆಲಸಗಾರರಲ್ಲಿ ಬಹಳ ಜನ ಹೊಸಬರು, ಅಥವಾ ಬಿಟ್ಟು ಬಂದವರು, ಅದೂ ಮೊದಲ ಕೆಲವೇ ದಿನಗಳಲ್ಲಿ. ಆದುದರಿಂದ ಹೊಸಬನಿಗೆ ಮೊದಲ ದಿನ ಐದರಲ್ಲಿ ಒಂದು ಪಾಲು ಕೆಲಸ, ಆಮೇಲೆ ದಿನಕ್ಕೊಂದು ಪಾಲು ಹೆಚ್ಚಿಸುವುದು ಕ್ರಮ. ಮಾತು ತೊದಲುವುದು, ದಿಕ್ಕು ತಪ್ಪುವುದು, ಫಿಟ್ಸು, ಬೆಂಕಿಯಂಥ ಮೈ: ಇದು ಬಿಸಿಲಿನ ಹೊಡೆತ. ಒಳಗಿನ ಕಾವು 40 ದಾಟಿರುತ್ತದೆ. ಮೈ ಬೆವತಿದ್ದರೂ ಇದೇ ಇರಬಹುದು. ಬೆವರು ನಿಂತರೆ ಮಾತ್ರ ಎಂಬ ಮಾತನ್ನು ನಂಬಿ ಕೂರಬೇಡಿರಿ. ಮೊದಲು ನೀರು ಸುರಿದು ಗಾಳಿ ಹಾಕಿರಿ, ಹಾಕುತ್ತಲೇ 108ಕ್ಕೆ ಫೋನು ಮಾಡಿಸಿರಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿರಿ. ಎಚ್ಚರವಿದ್ದು ಬರೀ ಸುಸ್ತು, ಸ್ನಾಯು ಸೆಳೆತ ಇದ್ದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಸಮಮಟ್ಟದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಸ್ವಲ್ಪ ಸ್ವಲ್ಪವಾಗಿ ಕೊಡಿರಿ. ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಬಾಯಾರಿಕೆಗೆ ಕಾಯದೆ ಕುಡಿಯಬೇಕು ಎಂಬುದನ್ನು ಮಾತ್ರ ಹೇಳಬೇಕು. ಅಕ್ಕತಂಗಿಯರೇ, ಕೆಲಸದ ಜಾಗದಲ್ಲಿ ಬಯಲಿಗೆ ಹೋಗಲು ಮರೆಯಿಲ್ಲವೆಂದು ನೀವು ದಿನವಿಡೀ ನೀರೇ ಕುಡಿಯುವುದಿಲ್ಲ. ಇದು ನಮಗೆ ಗೊತ್ತಿದೆ. ಅದರ ಬಗ್ಗೆಯೂ ಗುತ್ತಿಗೆದಾರರ ಹತ್ತಿರ ಮಾತಾಡುವುದಿದೆ.

ಮುಂದಿನ ದಿನಗಳು ಹೇಗಿರುತ್ತವೆ? ಪಡುವಣದಲ್ಲಿ ಮೋಡ ಎದ್ದರೆ ಮಳೆ, ತೆಂಕಣ ಗಾಳಿ ಬೀಸಿದರೆ ಸೆಕೆ ಎಂದು ಜನ ತಿಳಿಯುತ್ತಾರೆಂದು ಕರ್ತನು ಲೂಕ 12ರಲ್ಲಿ ಹೇಳಿದ್ದಾನೆ. ಅಷ್ಟು ಲೆಕ್ಕ ನಮಗೂ ಬರುತ್ತದೆ. ಈಗ ಕೃತ್ತಿಕೆ ನಡೆದಿದೆ. 25ರ ಹೊತ್ತಿಗೆ ರೋಹಿಣಿ, ಜೂನ್ 7-8ಕ್ಕೆ ಮಿರುಗ. ಇನ್ನು ಎರಡು ಮೂರು ವಾರ ಹಗಲಿನ ಝಳ ಹೀಗೆಯೇ ಇರುವುದು ವಾಡಿಕೆ. ನಡುನಡುವೆ ಸಂಜೆ ಹೊತ್ತು ಧೂಳೆಬ್ಬಿಸುವ ಗಾಳಿ, ಗುಡುಗು, ಅವಕಾಳಿ ಮಳೆ. ಅದರಲ್ಲಿ ಎರಡು ಅಪಾಯ. ಪತ್ರಾ ಹಾರುತ್ತದೆ, ಸಿಡಿಲು ಬೀಳುತ್ತದೆ. ಗುಡುಗು ಕಿವಿಗೆ ಬಿದ್ದೊಡನೆ ಸ್ಲ್ಯಾಬಿನಿಂದ ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿರಿ. ಎರಡನೆಯದು ಯಾರಿಗೂ ಹೊಳೆಯದ್ದು. ಮಳೆ ಬಿದ್ದ ಮರುದಿನ ಅಂಕಿ 38ಕ್ಕೆ ಇಳಿದಿರುತ್ತದೆ, ನಾವು ಸಮಾಧಾನ ಪಡುತ್ತೇವೆ. ಆದರೆ ಗಾಳಿಯಲ್ಲಿ ತೇವ ಏರಿರುತ್ತದೆ, ಬೆವರು ಆರುವುದಿಲ್ಲ. ಶೆಡ್ಡಿನೊಳಗೆ ಒಣ 42ಕ್ಕಿಂತ ಈ 38 ಹೆಚ್ಚು ಕಾಡಬಹುದು.

ನಿಜವಾದ ಮುಂಗಾರು ವಾಡಿಕೆಯಂತೆ ಕೇರಳಕ್ಕೆ ಜೂನ್ 1ಕ್ಕೆ ಬಂದು, ಅಲ್ಲಿಂದ ನಮ್ಮ ಕಡೆಗೆ ಬರಲು ಇನ್ನೂ ಒಂದು ವಾರ ಹತ್ತು ದಿನ. ವಾಡಿಕೆಯನ್ನು ಗಟ್ಟಿಯಾಗಿ ಹಿಡಿಯಬೇಡಿರಿ. 2023ರಲ್ಲಿ ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. 2024ರಲ್ಲಿ ಮೇ 30. 2025ರಲ್ಲಿ ಮೇ 24ಕ್ಕೇ ಬಂದು, ಎರಡೇ ದಿನದಲ್ಲಿ ಮುಂಬಯಿ ಮುಟ್ಟಿತು. ಸಹ್ಯಾದ್ರಿಯ ನೆತ್ತಿಯ ಮೇಲೆ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ, ಈಚೆ ನಮ್ಮಲ್ಲಿ 700ರ ಆಸುಪಾಸು. ಅದರಲ್ಲೂ ಹೆಚ್ಚಿನದು ಸೆಪ್ಟೆಂಬರಿನಲ್ಲಿ. ಆದುದರಿಂದ ಮಿರುಗ ಬಂತೆಂದು ಉಜನಿ ತುಂಬುವುದಿಲ್ಲ, ನಳ ದಿನಾ ಬರುವುದಿಲ್ಲ. ಕಲಬುರಗಿ ಆಕಾಶವಾಣಿಯ ಮುನ್ಸೂಚನೆ ಕನ್ನಡದಲ್ಲಿದೆಯೆಂದು ನಾವು ಅದನ್ನೇ ಕೇಳುತ್ತೇವೆ. ಒಳ್ಳೆಯದೇ, ಆದರೆ ಅದು ಆ ಕಡೆಯ ಜಿಲ್ಲೆಗಳದ್ದು. ಸೋಲಾಪುರ ಜಿಲ್ಲೆಯ ಎಚ್ಚರಿಕೆ ಮರಾಠಿಯಲ್ಲಿ ಬರುತ್ತದೆ. ಹಳದಿ, ಕಿತ್ತಳೆ, ಕೆಂಪು ಬಣ್ಣ ಬಂದ ದಿನ ನಮ್ಮ ಯುವಕರು ಅದನ್ನು ಕನ್ನಡದಲ್ಲಿ ಬರೆದು ಕೂಟದ ಬಾಗಿಲಿಗೆ ಹಚ್ಚುತ್ತಾರೆ.

ಕಡೆಗೆ ಕೆಲಸದ ಹೊತ್ತಿನ ಮಾತು. 1948ರ ಕಾರಖಾನೆ ಕಾಯಿದೆಯಲ್ಲೇ 250ಕ್ಕಿಂತ ಹೆಚ್ಚು ಜನರಿದ್ದ ಕಡೆ ಬೇಸಿಗೆಯಲ್ಲಿ ತಣ್ಣನೆಯ ಕುಡಿಯುವ ನೀರು ಕೊಡಬೇಕೆಂದು ಬರೆದಿದ್ದರು. ಎಂಟು ಹತ್ತು ಜನರ ಶೆಡ್ಡಿಗೆ ಅದು ಎಂದೂ ತಟ್ಟಲಿಲ್ಲ. ಕೇರಳದಲ್ಲಿ ಬೇಸಿಗೆಯಲ್ಲಿ ಹನ್ನೆರಡರಿಂದ ಮೂರರ ವರೆಗೆ ಬಿಸಿಲಿನ ಕೆಲಸ ನಿಲ್ಲಿಸಲು ಕಾರ್ಮಿಕ ಇಲಾಖೆ ಆಜ್ಞೆ ಹೊರಡಿಸುತ್ತಾ ಬಂದಿದೆ. ಕಾಸರಗೋಡಿನ ನಮ್ಮ ಓದುಗರು ಇದನ್ನು ಬಲ್ಲರು. ನಾವು ಇಲ್ಲಿ ಕೇಳುವುದು ಇಷ್ಟೇ: ಬೆಳಿಗ್ಗೆ ಐದಕ್ಕೆ ಪಾಳಿ ಶುರುವಾಗಲಿ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕು ಬಿಡುವು, ಸಂಜೆ ಉಳಿದ ಕೆಲಸ. ಒಬ್ಬ ಮಾಲಕರು ಒಪ್ಪಿದ್ದಾರೆ. ಇಬ್ಬರು ಕರೆಂಟಿನ ನೆಪ ಹೇಳಿದ್ದಾರೆ. ಅದು ಪೂರ್ತಿ ನೆಪವೂ ಅಲ್ಲ. ಆದರೆ ನಿಜ ಹೇಳಬೇಕೆಂದರೆ ನಮ್ಮವರೇ ಕೆಲವರು ಬೇಡ ಎಂದಿದ್ದಾರೆ. ಮೀಟರಿನ ಲೆಕ್ಕದಲ್ಲಿ ಕೂಲಿ, ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಮಗ್ಗ ನಿಂತರೆ ಒಲೆಯೂ ನಿಲ್ಲುತ್ತದೆ. ಅವರನ್ನು ದುರಾಸೆಯವರೆಂದು ಯಾರೂ ಅನ್ನಬಾರದು. ಮತ್ತಾಯ 20ರಲ್ಲಿ ದಿನವಿಡೀ ಬಿಸಿಲು ತಾಳಿದವರ ಗೊಣಗಾಟ ಇದೆಯಲ್ಲ, ನಮ್ಮ ಬೋಧಕರು ಅವರನ್ನು ಬೇಗ ಬೈದುಬಿಡುತ್ತಾರೆ. ನಮಗಂತೂ ಅವರ ಮೇಲೆ ಯಾವಾಗಲೂ ಸ್ವಲ್ಪ ಕನಿಕರ. ಆದುದರಿಂದ ಮಿರುಗದ ವರೆಗೆ, ಬಿಸಿಲು ಬಡಿದು ಕೆಲಸ ತಪ್ಪಿದವರ ಮನೆಗೆ ಕೂಟದ ಪೆಟ್ಟಿಗೆಯಿಂದ ಅರ್ಧ ದಿನದ ಕೂಲಿ ಕೊಡುವುದೆಂದು ನಿಶ್ಚಯವಾಗಿದೆ. ಪೆಟ್ಟಿಗೆ ದೊಡ್ಡದಲ್ಲ. ಪಗಾರದ ದಿನ ನೆನಪಿಟ್ಟುಕೊಳ್ಳಿರಿ.

ಬರುವ ಭಾನುವಾರದಿಂದ ಆರಾಧನೆ ಬೆಳಿಗ್ಗೆ ಏಳಕ್ಕೆ. ಕುಂಬಾರ ಓಣಿಯಿಂದ ಆರು ಹರವಿ ತಂದಾಗಿದೆ. ನಾಲ್ಕು ಶೆಡ್ಡುಗಳ ಬಾಗಿಲಿಗೆ, ಒಂದು ಕೂಟದ ಕಟ್ಟೆಗೆ, ಇನ್ನೊಂದು ಆ ಅಜ್ಜಿಯ ಮನೆಯ ಮುಂದೆ. ಅವುಗಳಿಗೆ ನೀರು ತುಂಬುವ ಪಾಳಿಯ ಪಟ್ಟಿ ಮೇಜಿನ ಮೇಲಿದೆ; ಹೊರಗೆ ಹೋಗುವ ಮೊದಲು ಹೆಸರು ಬರೆಸಿರಿ. ಅಜ್ಜಿಯ ಮನೆಯ ಹರವಿಗೆ ಹೋದ ವರ್ಷ ಬಿದ್ದ ಸಹೋದರನೇ ಮೊದಲ ವಾರದ ಹೆಸರು ಬರೆಸಿದ್ದಾನೆ.