ಅಂಗಮಾರಿಯ ಒಳಸಂಚು



ನಾರಾಯಣಪುರದ ಬಸವಸಾಗರ ಅಣೆಕಟ್ಟೆ ಮುಗಿದದ್ದು 1982ರಲ್ಲಿ. ಯೋಜನೆ ಹಾಕಿದವರ ಲೆಕ್ಕದಲ್ಲಿ ಎಡದಂಡೆ ಕಾಲುವೆಯ ನೀರು ಹಗುರ ನೀರಾವರಿಯ ಬೆಳೆಗಳಿಗೆ. ಆದರೆ ಸುರಪುರ, ಶಹಾಪುರದ ಜೋಳ, ಹತ್ತಿಯ ಎಷ್ಟೋ ಎರೆಹೊಲಗಳು ಭತ್ತದ ಗದ್ದೆಗಳಾದವು. ಭತ್ತ ಇದ್ದಲ್ಲಿ ದುಂಡಾಣು ಅಂಗಮಾರಿಯ ಭಯ ತಪ್ಪಿದ್ದಲ್ಲ. ಎಲೆ ತುದಿಯಿಂದ ಹಳದಿಗಟ್ಟಿ, ಅಂಚುಗುಂಟ ಅಲೆಅಲೆಯಾಗಿ ಒಣಗುತ್ತಾ ಇಳಿಯುತ್ತದೆ. ಅಂಗಮಾರಿಯೇ ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ, ರೋಗ ಹತ್ತಿದ ಎಲೆಯನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಹಾಲಿನಂಥ ಎಳೆಯೊಂದು ನೀರಿಗಿಳಿಯುತ್ತದೆ. ಅದರ ತುಂಬ ದುಂಡಾಣುಗಳೇ.

ಜಪಾನಿನ ಫುಕುವೋಕದ ರೈತರು ಈ ರೋಗವನ್ನು ಗುರುತಿಸಿದ್ದು 1884ರ ಸುಮಾರಿಗೆ. ಮಣ್ಣಿನ ಹುಳಿಯಿಂದ ಬಂದದ್ದೆಂದು ಆಗ ನಂಬಿದ್ದರು. ದುಂಡಾಣುವಿಗೆ ಹೆಸರು ಬಿದ್ದದ್ದು 1922ರಲ್ಲಿ. ನಮ್ಮಲ್ಲಿ 1951ರಲ್ಲಿ ಮಹಾರಾಷ್ಟ್ರದಲ್ಲಿ ಕಾಣಿಸಿಕೊಂಡ ರೋಗ, 1963ರಲ್ಲಿ ಬಿಹಾರದ ಶಹಾಬಾದ್ ಜಿಲ್ಲೆಯ ಬೆಳೆಯನ್ನು ಹಾಳುಗೆಡವಿತು.

ಇಷ್ಟು ಸಣ್ಣ ಜೀವಿ ಗಿಡದ ಕಾವಲನ್ನು ಹೇಗೆ ದಾಟುತ್ತದೆ? ಇದರ ಸುಳಿವು ಸಿಕ್ಕಿದ್ದು ಭತ್ತದಲ್ಲಲ್ಲ, ತಂಬಾಕಿನಲ್ಲಿ. 1979ರಲ್ಲಿ ಇಂಗ್ಲೆಂಡಿನ ರೇಮಂಡ್ ವೈಟ್ ತಂಬಾಕಿನ ಎಲೆಗೆ ಆಸ್ಪಿರಿನ್ ಚುಚ್ಚಿದರು. ನಂಜುರೋಗದ ಕಲೆಗಳು ಕಡಿಮೆಯಾದವು. ಅದೇ ಜಾತಿಯ ಸ್ಯಾಲಿಸಿಲಿಕ್ ಆಮ್ಲ ಗಿಡದ ಸ್ವಂತ ರಕ್ಷಣಾ ಹಾರ್ಮೋನು ಎಂಬುದು 1990ರ ಹೊತ್ತಿಗೆ ಸ್ಪಷ್ಟವಾಯಿತು. ಹುಳು ಕಡಿದಾಗ ಏಳುವುದು ಜಾಸ್ಮೋನೇಟ್ ಎಂಬ ಇನ್ನೊಂದು ಹಾರ್ಮೋನು. ಸಾಮಾನ್ಯವಾಗಿ ಒಂದು ಏರಿದರೆ ಇನ್ನೊಂದು ತಗ್ಗುತ್ತದೆ. ಟೊಮೆಟೊಗೆ ಬರುವ ಸ್ಯೂಡೋಮೋನಾಸ್ ಎಂಬ ದುಂಡಾಣು ಬಳಸಿಕೊಳ್ಳುವುದು ಈ ಏರಿಳಿತವನ್ನೇ. ಕೊರೊನಾಟಿನ್ ಎಂಬ ನಕಲಿ ಜಾಸ್ಮೋನೇಟನ್ನು ತಯಾರಿಸಿ, ಸ್ಯಾಲಿಸಿಲಿಕ್ ಆಮ್ಲದ ರಕ್ಷಣೆಯನ್ನು ಅಡಗಿಸುತ್ತದೆ. ಅಪಾಯ ಕಂಡು ಗಿಡ ಮುಚ್ಚಿಕೊಂಡ ಪತ್ರರಂಧ್ರಗಳನ್ನು ಅದು ಮತ್ತೆ ತೆರೆಸುತ್ತದೆಂದು 2006ರಲ್ಲಿ ಮಿಷಿಗನ್ ವಿಜ್ಞಾನಿಗಳು ತೋರಿಸಿದರು.

ಭತ್ತದ ದುಂಡಾಣುವಿನ ವರಸೆ ಬೇರೆ. ಎಲೆಯಂಚಿನಲ್ಲಿ ನೀರು ಜಿನುಗುವ ರಂಧ್ರಗಳಿಂದ, ಗಾಯಗಳಿಂದ ಅದು ಒಳಹೊಗುತ್ತದೆ. ಒಳಗೆ ಹೋದಮೇಲೆ ಬೆಳವಣಿಗೆಯ ಹಾರ್ಮೋನಾದ ಆಕ್ಸಿನ್ ಹೆಚ್ಚುತ್ತದೆ, ಜೀವಕೋಶದ ಗೋಡೆ ಸಡಿಲಗೊಳ್ಳುತ್ತದೆ ಎಂದು 2008ರಲ್ಲಿ ಚೀನಾದ ವುಹಾನ್‌ನ ಸಂಶೋಧಕರು ಕಂಡುಕೊಂಡರು. ಗೋಡೆ ಸಡಿಲವಾಗದೆ ಗಿಡ ಬೆಳೆಯುವಂತಿಲ್ಲ; ಶತ್ರುವಿಗೆ ಅನುಕೂಲವಾಗುವುದೂ ಆ ಸಡಿಲವೇ. ಈ ಇಡೀ ಇತಿಹಾಸದಲ್ಲಿ ನನ್ನನ್ನು ಅತಿಯಾಗಿ ಕಾಡುವುದು ಈ ಸಂಗತಿ. ಸಾಲದ್ದಕ್ಕೆ, ಗಿಡದ ಸಕ್ಕರೆ ಹೊರಹಾಕುವ ವಂಶವಾಹಿಯನ್ನೂ ದುಂಡಾಣು ಎಬ್ಬಿಸಿ, ಆ ಸಕ್ಕರೆಯನ್ನು ಉಣ್ಣುತ್ತದೆ.

ಆ ವಂಶವಾಹಿಯನ್ನು ದುಂಡಾಣು ಎಬ್ಬಿಸಲಾಗದಂಥ ಭತ್ತಗಳೂ ಉಂಟು. 2008ರಲ್ಲಿ ಬಿಡುಗಡೆಯಾದ ಇಂಪ್ರೂವ್ಡ್ ಸಾಂಬಾ ಮಹಸೂರಿಯಲ್ಲಿ ಹೈದರಾಬಾದಿನ ವಿಜ್ಞಾನಿಗಳು ಆ ಗುಣವನ್ನು ತಂದಿದ್ದಾರೆ. ಜೊತೆಗೆ ಇನ್ನೆರಡು ನಿರೋಧಕ ವಂಶವಾಹಿಗಳಿವೆ. ಒಂದು ಆಫ್ರಿಕಾದ ಮಾಲಿಯ ಕಾಡುಭತ್ತದಿಂದ ಬಂದದ್ದು.

ಇನ್ನು ಗದ್ದೆಯಲ್ಲಿ ವಹಿಸಬೇಕಾದ ಎಚ್ಚರ. ಯೂರಿಯಾ ಅತಿಯಾದ ಗದ್ದೆಯಲ್ಲಿ ರೋಗ ಬೇಗ ಹಬ್ಬುತ್ತದೆ. ನಾಟಿಗೆ ಮುನ್ನ ಸಸಿಯ ತುದಿ ಕತ್ತರಿಸಬೇಡಿ, ದುಂಡಾಣು ಆ ಗಾಯದಿಂದಲೇ ಒಳಸೇರುತ್ತದೆ. ರೋಗ ಬಿದ್ದ ಗದ್ದೆಯ ನೀರನ್ನು ಪಕ್ಕದವರ ಗದ್ದೆಗೆ ಬಿಡಬೇಡಿ. ಅನುಮಾನ ಬಂದ ಎಲೆಗಳನ್ನು ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ತೋರಿಸಿ.